ಬೀದಿಯ ಋಣ



ಗೃಹಸ್ಥನ ಮೇಲೆ ಹಲವು ಋಣಗಳಿವೆಯೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹೆತ್ತವರ ಋಣ, ಗುರುವಿನ ಋಣ, ಉಂಡ ಅನ್ನದ ಋಣ, ಕುಡಿದ ನೀರಿನ ಋಣ, ಇವುಗಳನ್ನು ನಾವು ಆಗಾಗ ನೆನೆಯುತ್ತೇವೆ. ಆದರೆ ಹೊಸ್ತಿಲು ದಾಟಿದೊಡನೆ ನಮ್ಮ ಪಾದವನ್ನು ಹೊರುವ ಬೀದಿಯ ಋಣವನ್ನು ನೆನೆಯುವವರು ವಿರಳ. ಹೊಸ್ತಿಲಿನ ಒಳಗಿನದು ನಮ್ಮದೆಂದು ದಿನವೂ ಗುಡಿಸಿ ಸಾರಿಸುತ್ತೇವೆ; ಹೊಸ್ತಿಲಿನ ಹೊರಗಿನದು ಎಲ್ಲರದು, ಆದುದರಿಂದಲೇ ಅದು ಯಾರದೂ ಅಲ್ಲವೆಂಬಂತೆ ನಡೆದುಕೊಳ್ಳುತ್ತೇವೆ. ಈ ಸಲ ದಾವಣಗೆರೆ ಮತ್ತು ಹರಿಹರಗಳ ಬೀದಿಗಳ ಕಥೆಯನ್ನು ಹೇಳಿ, ಆ ಋಣದ ಲೆಕ್ಕವನ್ನು ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

'ಬೀದಿ' ಎಂಬುದು ಸಂಸ್ಕೃತದ 'ವೀಥಿ'ಯ ತದ್ಭವ. ಕನ್ನಡದಲ್ಲಿ ಅದಕ್ಕೆ ಒಡಹುಟ್ಟಿದವರು ಅನೇಕರಿದ್ದಾರೆ. ಒಂದು ಕಸುಬಿನ ಅಥವಾ ಒಂದು ಜನದ ಮನೆಗಳ ಸಾಲು ಕೇರಿ. ಇಕ್ಕಟ್ಟಾದ ದಾರಿ ಓಣಿ. ಕೊಡುಕೊಳ್ಳುವ ಸ್ಥಳ ಪೇಟೆ. ಹಿರಿದಾದ ದಾರಿ ಹೆದ್ದಾರಿ. ಇಷ್ಟು ಹೆಸರುಗಳು ಏಕೆ ಬೇಕಾದುವು? ಏಕೆಂದರೆ ಒಂದೊಂದು ದಾರಿಯೂ ಅದರ ಮೇಲೆ ನಡೆಯುವವರ ಅಗತ್ಯಕ್ಕೆ ತಕ್ಕಂತೆ ಹುಟ್ಟಿತು. ಬೀದಿಯ ಅಗಲವೆಂದರೆ ಅದು ಹುಟ್ಟಿದ ಕಾಲದ ವಾಹನದ ಅಗಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎರಡೂ ಊರುಗಳ ಚರಿತ್ರೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಹೊಳೆಯ ದಂಡೆಯ ಊರು

ಎರಡರಲ್ಲಿ ಹಿರಿಯದು ಹರಿಹರ. ಹರಿದ್ರಾ ಎಂಬ ಹಳ್ಳವು ತುಂಗಭದ್ರೆಯನ್ನು ಕೂಡುವ ಸ್ಥಳವಾದುದರಿಂದ ಶಾಸನಗಳಲ್ಲಿ ಇದಕ್ಕೆ ಕೂಡಲೂರೆಂಬ ಹೆಸರಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು 1224ರ ಸುಮಾರಿಗೆ ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಅದನ್ನು ವಿಸ್ತರಿಸಿದನು. ಹರಿ ಬೇರೆ, ಹರ ಬೇರೆ ಎಂದು ಕಲಹವಾಡುವವರಿಗೆ ಒಂದೇ ವಿಗ್ರಹದಲ್ಲಿ ಉತ್ತರ ಕೊಟ್ಟ ಕ್ಷೇತ್ರವಿದು. ದೇವಾಲಯದ ಊರುಗಳಲ್ಲಿ ತೇರು ತಿರುಗುವಷ್ಟು ಅಗಲದ ಬೀದಿಯೊಂದಿರುತ್ತದೆ, ಉಳಿದವೆಲ್ಲ ಓಣಿಗಳು. ವರ್ಷಕ್ಕೊಮ್ಮೆ ತೇರು ಬರುವ ಬೀದಿಗೆ ಯಾರೂ ಮನೆಯ ಕಟ್ಟೆಯನ್ನು ಚಾಚುವಂತಿರಲಿಲ್ಲ. ಚಾಚಿದರೆ ತೇರು ನಿಲ್ಲುತ್ತಿತ್ತು. ಕಾನೂನಿನ ಪುಸ್ತಕವಿಲ್ಲದ ಕಾಲದಲ್ಲಿ ತೇರೇ ಬೀದಿಯ ಅಳತೆಗೋಲಾಗಿದ್ದಿತು.

ಹರಿಹರದ ದೊಡ್ಡ ಬೀದಿಯಾದರೋ ಹೊಳೆಯೇ. ದಕ್ಷಿಣದಿಂದ ಧಾರವಾಡದ ಸೀಮೆಗೆ ಹೋಗುವವರೆಲ್ಲ ಇಲ್ಲಿ ನೀರನ್ನು ದಾಟಬೇಕಾಗಿದ್ದಿತು. ಬೇಸಗೆಯಲ್ಲಿ ಮೊಣಕಾಲುದ್ದದ ನೀರು, ಮಳೆಗಾಲದಲ್ಲಿ ದಡ ಮೀರುವ ಪ್ರವಾಹ. ಬಿದಿರನ್ನು ಹೆಣೆದು ಚರ್ಮ ಹೊದಿಸಿದ ಹರಿಗೋಲು ಅಂದಿನ ವಾಹನ. ಎತ್ತುಗಳನ್ನು ಈಜಿಸಿ, ಸರಕನ್ನು ಹರಿಗೋಲಿನಲ್ಲಿಟ್ಟು, ಪ್ರವಾಹ ಇಳಿಯುವವರೆಗೆ ದಂಡೆಯಲ್ಲಿ ಕಾಯುವುದೇ ಪ್ರಯಾಣದ ಕ್ರಮ. ದಾಟಿಸುವವನ ಕಾಯಕಕ್ಕೆ ನಮ್ಮ ಶರಣರು ಎಂತಹ ಗೌರವ ಕೊಟ್ಟರೆಂಬುದನ್ನು ಹೇಳಬೇಕಾದುದಿಲ್ಲ. 12ನೆಯ ಶತಮಾನದ ಅಂಬಿಗರ ಚೌಡಯ್ಯನವರ ಹೆಸರನ್ನು ಹೊತ್ತ ಚೌಡಯ್ಯದಾನಪುರವು ರಾಣೆಬೆನ್ನೂರು ತಾಲ್ಲೂಕಿನಲ್ಲಿ ಇದೇ ಹೊಳೆಯ ದಂಡೆಯ ಮೇಲಿದೆ. ಒಬ್ಬರನ್ನು ಈ ದಡದಿಂದ ಆ ದಡಕ್ಕೆ ಸುಖವಾಗಿ ಮುಟ್ಟಿಸುವುದು ಕೂಡ ಅನುಭಾವದ ಸಾಧನವಾಗಬಲ್ಲದೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಹೇರೆತ್ತಿನ ಪೇಟೆ

ದಾವಣಗೆರೆಯ ಹುಟ್ಟು ಇದಕ್ಕಿಂತ ಭಿನ್ನ. ಅದು ದೇವಾಲಯದ ಸುತ್ತ ಬೆಳೆದ ಕ್ಷೇತ್ರವಲ್ಲ, ಅರಮನೆಯ ಸುತ್ತ ಬೆಳೆದ ರಾಜಧಾನಿಯೂ ಅಲ್ಲ. ಒಂದು ಕಾಲಕ್ಕೆ ಅದು ಬೇತೂರಿಗೆ ಸೇರಿದ ಸಣ್ಣ ಹಳ್ಳಿ. ಬೇತೂರು ಪ್ರಾಚೀನ ಪಟ್ಟಣ. ಇಂದು ಅದು ಹಳ್ಳಿಯಾಗಿ, ಅದರ ಹೆಸರು ದಾವಣಗೆರೆಯ ಒಂದು ರಸ್ತೆಗೆ ಉಳಿದಿದೆ. ಕಾಲಚಕ್ರವೆಂದರೆ ಇದೇ. ಹೈದರಾಲಿಯು ಈ ಹಳ್ಳಿಯನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆದು ನೆಲೆಗೊಳಿಸಿದನು. ಊರು ಬೆಳೆದುದು ಅಲ್ಲಿಂದ.

ದಾವಣಿ ಎಂದರೆ ದನಕರುಗಳನ್ನು, ಕುದುರೆಗಳನ್ನು ಸಾಲಾಗಿ ಕಟ್ಟುವ ಹಗ್ಗ. ದಾವಣಿ ಕಟ್ಟಿದ ಕೆರೆಯೇ ದಾವಣಗೆರೆಯಾಯಿತೆಂದು ಜನರ ಬಾಯಲ್ಲಿ ಒಂದು ಮಾತಿದೆ. ಶಬ್ದಶಾಸ್ತ್ರಜ್ಞರು ಅದನ್ನು ಒಪ್ಪಲಿ ಬಿಡಲಿ, ಊರಿನ ಸ್ವಭಾವಕ್ಕಂತೂ ಆ ಮಾತು ಒಪ್ಪುತ್ತದೆ. ಮಲೆನಾಡಿನ ಅಡಿಕೆ ಮತ್ತು ಮೆಣಸು ಎತ್ತುಗಳ ಬೆನ್ನಿನ ಮೇಲೆ ಇಲ್ಲಿಗೆ ಇಳಿದು, ಇಲ್ಲಿಂದ ತಮಿಳು ಸೀಮೆಯ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದಿತು. ಮರಳುವಾಗ ಅದೇ ಎತ್ತುಗಳು ಆ ಕಡೆಯ ಸರಕನ್ನು ಹೊತ್ತು ತರುತ್ತಿದ್ದುವು. ಇಲ್ಲಿಯ ಕಂಬಳಿಗಳು ದೂರದೂರಿನಲ್ಲಿ ಹೆಸರು ಪಡೆದಿದ್ದುವು. ಈ ವ್ಯಾಪಾರವನ್ನು ನಡೆಸಿದವರಲ್ಲಿ ಬಹುಮಂದಿ ಶಿವಭಕ್ತ ವರ್ತಕರೆಂದು ಹಳೆಯ ಗ್ಯಾಸೆಟಿಯರುಗಳು ದಾಖಲಿಸಿವೆ.

ಊರಿನ ಹೆಸರುಗಳನ್ನೇ ಓದಿರಿ, ಚರಿತ್ರೆ ತಿಳಿಯುತ್ತದೆ. ಮಂಡಿಯೆಂದರೆ ಸಗಟು ವ್ಯಾಪಾರದ ಅಂಗಡಿ, ಅದರಿಂದ ಮಂಡಿಪೇಟೆ. ಚೌಕಿಯೆಂದರೆ ಕಾವಲಿನ, ಸುಂಕದ ಠಾಣೆ. ಚೌಕಿಪೇಟೆಯ ಹೆಸರಿನಲ್ಲಿ ಆ ಶಬ್ದವಿದೆ. ಹಗೇವೆಂದರೆ ನೆಲದೊಳಗೆ ತೋಡಿದ ಧಾನ್ಯದ ಕಣಜ. ಹಗೇದಿಬ್ಬವೆಂಬ ಹೆಸರು ಇಂದು ಒಂದು ವೃತ್ತಕ್ಕೆ ಉಳಿದುಕೊಂಡಿದೆ. ಹೊಂಡದ ವೃತ್ತ, ಹಾಸಬಾವಿ ವೃತ್ತಗಳೆಂಬ ಹೆಸರುಗಳು ದಾರಿಹೋಕರಿಗೂ ದನಗಳಿಗೂ ನೀರಿದ್ದ ಕಾಲವನ್ನು ನೆನಪಿಗೆ ತರುತ್ತವೆ. ಸರಕು, ಸುಂಕ, ಧಾನ್ಯ, ನೀರು: ವರ್ತಕರ ಊರಿಗೆ ಬೇಕಾದ ನಾಲ್ಕೂ ಬೀದಿಯ ಹೆಸರುಗಳಲ್ಲಿಯೇ ಇವೆ.

ಹೇರು ಹೊತ್ತ ಎತ್ತಿಗೆ ಬೇಕಾದ ಅಗಲ ಎಷ್ಟು? ಎರಡೂ ಮಗ್ಗುಲಿಗೆ ಚೀಲ ಇಳಿಬಿಟ್ಟ ಎತ್ತುಗಳೆರಡು ಎದುರುಬದುರು ಬಂದರೆ ಒಂದನ್ನೊಂದು ಉಜ್ಜದೆ ಹಾಯಬೇಕು, ಅಷ್ಟೇ. ಹಳೆಯ ಪೇಟೆಯ ಬೀದಿಗಳು ಇಕ್ಕಟ್ಟೆಂದು ಇಂದು ಹಳಿಯುವವರು ಇದನ್ನು ತಿಳಿಯಬೇಕು. ಅವು ತಪ್ಪಾಗಿ ಕಟ್ಟಿದ ಬೀದಿಗಳಲ್ಲ. ತಮ್ಮ ಕಾಲದ ಹೊರೆಗೆ ಸರಿಯಾಗಿ ಕಟ್ಟಿದ ಬೀದಿಗಳು. ಅಗಲದಲ್ಲಿ ಕೊರತೆಯಿದ್ದುದನ್ನು ಅಂದಿನವರು ನಡತೆಯಲ್ಲಿ ತುಂಬಿಕೊಂಡಿದ್ದರು. ಹೊರೆ ಹೊತ್ತವರಿಗೆ ಮೊದಲು ದಾರಿ, ಬರಿಗೈಯವರು ಪಕ್ಕಕ್ಕೆ ಸರಿಯಬೇಕೆಂಬುದು ಎಲ್ಲರೂ ಒಪ್ಪಿದ ಮರ್ಯಾದೆಯಾಗಿದ್ದಿತು. ದಾರಿಯ ಬದಿಯಲ್ಲಿ ತಲೆಹೊರೆ ಇಳಿಸಲು ಎತ್ತರದ ಕಲ್ಲು, ಬೇಸಗೆಯಲ್ಲಿ ಅರವಟ್ಟಿಗೆ, ನೆರಳಿಗೆ ಸಾಲುಮರ, ಇರುಳಿಗೆ ಛತ್ರ. ಬೀದಿಯಿಂದ ಗಳಿಸಿದವರು ಬೀದಿಗೆ ಹಿಂತಿರುಗಿ ಕೊಡಬೇಕೆಂಬ ಭಾವನೆ ವರ್ತಕರಲ್ಲಿ ಇದ್ದಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಬೀದಿಯ ದಾಸೋಹ.

ಸೇತುವೆ ಮತ್ತು ಕಂಬಿ

1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ಆಂಗ್ಲರು ವಹಿಸಿಕೊಂಡ ಮೇಲೆ ಕಮಿಷನರುಗಳ ಕಾಲ ಬಂದಿತು. 1834ರಿಂದ 1861ರವರೆಗೆ ಅಧಿಕಾರದಲ್ಲಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ನೂರಾರು ಸಣ್ಣಪುಟ್ಟ ಸುಂಕಗಳು ರದ್ದಾದುವು, ಗಾಡಿ ಓಡುವ ರಸ್ತೆಗಳು ಎಲ್ಲೆಡೆ ಹಬ್ಬಿದುವು. ಎತ್ತಿನ ಬೆನ್ನಿನ ಮೇಲಿದ್ದ ಹೊರೆ ಗಾಡಿಯ ಮೇಲಕ್ಕೆ ಏರಿತು. ಒಂದು ಜೊತೆ ಎತ್ತು ಬೆನ್ನಿನ ಮೇಲೆ ಹೊರುವುದಕ್ಕಿಂತ ಎಷ್ಟೋ ಪಾಲು ಹೆಚ್ಚನ್ನು ಗಾಡಿಗೆ ಹೂಡಿದಾಗ ಎಳೆಯಬಲ್ಲದು. ಆದರೆ ಗಾಡಿಗೆ ಸಮನಾದ ನೆಲ ಬೇಕು, ತಿರುಗಲು ಅಗಲ ಬೇಕು, ಹೊಳೆಗೆ ಸೇತುವೆ ಬೇಕು.

ಆ ಸೇತುವೆ ಹರಿಹರದಲ್ಲಿ 1868ರಲ್ಲಿ ಪೂರ್ಣಗೊಂಡಿತು. ಕಲ್ಲು ಮತ್ತು ಇಟ್ಟಿಗೆಗಳಿಂದ ಕಟ್ಟಿದ, ಒಂದೊಂದೂ 60 ಅಡಿ ಹರವಿನ 14 ಕಮಾನುಗಳ ಆ ಸೇತುವೆಗೆ ಅಂದಿನ ಸುಮಾರು 3 ಲಕ್ಷ ರೂಪಾಯಿ ತಗುಲಿತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಮಳೆಗಾಲದಲ್ಲಿಯೂ ಮುರಿಯದೆ ನಡೆಯುವಂತಾಯಿತು. ಹೊಳೆಯಾಚೆಯದು ಮುಂಬಯಿ ಪ್ರಾಂತ, ಈಚೆಯದು ಮೈಸೂರು ಸಂಸ್ಥಾನ. ಒಂದೇ ಭಾಷೆಯಾಡುವ, ಬೀಗತನ ಬೆಳೆಸುವ ಜನರ ನಡುವೆ ಹೊಳೆಯು ಗಡಿಯಾಗಿದ್ದ ಆ ಕಾಲದಲ್ಲಿ ಸೇತುವೆಯು ಕೇವಲ ಸರಕನ್ನು ದಾಟಿಸಲಿಲ್ಲ. ಹೆಣ್ಣು ಕೊಟ್ಟು ತಂದ ಮನೆಗಳನ್ನು ಕೂಡಿಸಿತು, ಮಠಗಳಿಗೆ ಹೋಗಿಬರುವ ಭಕ್ತರನ್ನು ಕೂಡಿಸಿತು. 1956ರ ನವೆಂಬರ್ 1ರಂದು ರಾಜ್ಯಗಳು ಒಂದಾದಾಗ ಕಾಗದದ ಮೇಲಿನ ಗಡಿ ಅಳಿಯಿತು. ನೆಲದ ಮೇಲೆ ಸೇತುವೆಯು ಆ ಕೆಲಸವನ್ನು 88 ವರ್ಷಗಳ ಹಿಂದೆಯೇ ಆರಂಭಿಸಿದ್ದಿತು.

1880ರ ದಶಕದಲ್ಲಿ ರೈಲು ಬಂದಿತು. ದೂರದ ಸರಕು ಕಂಬಿಯ ಮೇಲೆ ಹೋಗತೊಡಗಿತು. ವಾಲಾಜಾಪೇಟೆಯ ಹೇರೆತ್ತಿನ ದಾರಿ ಹುಲ್ಲು ಬೆಳೆಯಿತು. ರೈಲು ಊರಿಗೆ ಸಂಪತ್ತನ್ನು ತಂದಿತು, ಜೊತೆಗೆ ಊರನ್ನು ಎರಡಾಗಿ ಸೀಳಿತು. ಹಳೆಯ ಪೇಟೆ ಕಂಬಿಯ ಒಂದು ಮಗ್ಗುಲಿಗೆ ಉಳಿಯಿತು, ಪಿ.ಜೆ. ಬಡಾವಣೆಯೇ ಮೊದಲಾದ ಹೊಸ ಬಡಾವಣೆಗಳು ಇನ್ನೊಂದು ಮಗ್ಗುಲಿಗೆ ಬೆಳೆದುವು. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ದಶಕಗಳ ಕಾಲ ನಿಂತು ಕಾದವರಿಗೆ ಈ ಸೀಳಿನ ಅರ್ಥವನ್ನು ವಿವರಿಸಬೇಕಾದುದಿಲ್ಲ. ಗೇಟು ಬಿದ್ದಾಗ ಶ್ರೀಮಂತನ ಕಾರೂ ಹಮಾಲಿಯ ಕೈಗಾಡಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದುವು. ಗೇಟು ಏಳುತ್ತಲೇ ಸಮತೆ ಮುಗಿದು ನುಗ್ಗಾಟ ಆರಂಭವಾಗುತ್ತಿದ್ದಿತು.

ಗಿರಣಿಯ ಕಾಲ, ಸೈಕಲ್ಲಿನ ಕಾಲ

20ನೆಯ ಶತಮಾನದಲ್ಲಿ ಹತ್ತಿಯ ವ್ಯಾಪಾರವು ಹತ್ತಿಯ ಗಿರಣಿಗಳಾಗಿ ಬೆಳೆದು, ದಾವಣಗೆರೆಯು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿತು. 1941ರಲ್ಲಿ ಸ್ಥಾಪನೆಗೊಂಡ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣಗಳ ಕಾರ್ಖಾನೆಯಿಂದ ಹರಿಹರವು ಕೈಗಾರಿಕೆಯ ಊರಾಯಿತು. 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂದು ವಿದ್ಯಾರ್ಥಿಗಳ ಕಾಲುಗಳೂ ದಾವಣಗೆರೆಯ ಬೀದಿಗೆ ಸೇರಿದುವು.

ನಾವು ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದ 1970ರ ದಶಕದಲ್ಲಿ ಗಿರಣಿಯ ಪಾಳಿ ಬಿಟ್ಟ ಹೊತ್ತಿನಲ್ಲಿ ಬೀದಿಯ ತುಂಬ ಸೈಕಲ್ಲುಗಳು. ಮುಂದಿನ ಕಂಬಿಯ ಮೇಲೆ ಮಗು, ಹಿಂದಿನ ಕ್ಯಾರಿಯರಿನಲ್ಲಿ ಬುತ್ತಿ, ಹ್ಯಾಂಡಲಿಗೆ ತೂಗುಹಾಕಿದ ಮಂಡಕ್ಕಿಯ ಚೀಲ. ಜಟಕಾ ಗಾಡಿಗಳು, ಎತ್ತಿನ ಗಾಡಿಗಳು, ಆಗೊಂದು ಈಗೊಂದು ಲಾರಿ. ಬೀದಿಯಲ್ಲಿ ಗದ್ದಲವಿದ್ದಿತು, ಭಯವಿರಲಿಲ್ಲ. ಬೀದಿಯ ವೇಗವು ಮನುಷ್ಯನ ವೇಗಕ್ಕಿಂತ ಬಹಳ ಹೆಚ್ಚಾಗಿರಲಿಲ್ಲವೆಂಬುದೇ ಅದಕ್ಕೆ ಕಾರಣ. ಅಜ್ಜಿಯೊಬ್ಬಳು ಕೋಲೂರಿಕೊಂಡು ಬೀದಿ ದಾಟಬೇಕಾದರೆ ಸೈಕಲ್ಲಿನವನು ಕಾಲು ನೆಲಕ್ಕೂರಿ ನಿಲ್ಲುತ್ತಿದ್ದನು.

ಬೀದಿಯು ಸಮಾಜದ ಪಾಠಶಾಲೆಯೂ ಆಗಿದ್ದಿತು. 1906ರಲ್ಲಿ ದಾವಣಗೆರೆಯಿಂದ 'ಧನುರ್ಧಾರಿ' ಪತ್ರಿಕೆಯನ್ನು ಆರಂಭಿಸಿದ ಹರ್ಡೇಕರ ಮಂಜಪ್ಪನವರು 1913ರಲ್ಲಿ ಇಲ್ಲಿಯ ವಿರಕ್ತ ಮಠದಲ್ಲಿ ಮೃತ್ಯುಂಜಯಪ್ಪಗಳವರ ಆಶ್ರಯದಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದರೆಂಬುದನ್ನು ನಮ್ಮ ವಾಚಕರು ಬಲ್ಲರು. ಮನೆಯೊಳಗಿದ್ದುದನ್ನು ಸರ್ವರ ಮುಂದಿಡುವುದು ಆ ಆಚರಣೆಯ ತಿರುಳು. ಎರಡು ವರ್ಷಗಳಿಗೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿಯೂ ಬೀದಿಯು ಎಲ್ಲ ಜನದ ಅಂಗಳವಾಗುತ್ತದೆ. ಬೀದಿಯು ಸರ್ವರದು ಎಂಬುದನ್ನು ಉಪದೇಶದಿಂದಲ್ಲ, ಉತ್ಸವದಿಂದ ಕಲಿಸಿದ ಊರು ಇದು.

ಮೋಟಾರಿನ ಕಾಲ

ಅನಂತರ ಬಂದುದು ಮೋಟಾರಿನ ಕಾಲ. 1990ರ ದಶಕಕ್ಕೆ ಗಿರಣಿಗಳು ಸೊರಗಿದುವು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲಾ ಕೇಂದ್ರವಾಯಿತು, 2007ರಲ್ಲಿ ಮಹಾನಗರಪಾಲಿಕೆ ಬಂದಿತು. ಪೂನಾ-ಬೆಂಗಳೂರು ರಸ್ತೆಯ ದೂರದ ವಾಹನಗಳು ಊರ ಹೊರಗಿನ ಬೈಪಾಸಿಗೆ ಸರಿದುವು. 4 ಎಂಬ ಅಂಕೆಯಿದ್ದ ಹೆದ್ದಾರಿ 48 ಆಯಿತು. ಊರೊಳಗಿನ ಹಳೆಯ ರಸ್ತೆಗೆ ಮಾತ್ರ ಪಿ.ಬಿ. ರಸ್ತೆಯೆಂಬ ಹೆಸರು ಅಂಟಿಕೊಂಡಿದೆ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯೂ ಸೇರಿತು. 1901ರಲ್ಲಿ ಸುಮಾರು 10,000 ಜನರಿದ್ದ ಊರಿನಲ್ಲಿ 2011ರ ಜನಗಣತಿಯ ವೇಳೆಗೆ 4 ಲಕ್ಷಕ್ಕೂ ಮಿಕ್ಕಿ ಜನರಿದ್ದರು.

ಬೀದಿಯ ಇಕ್ಕಟ್ಟು ನಮ್ಮೊಬ್ಬರ ಕಷ್ಟವಲ್ಲ, ಹೊಸದೂ ಅಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್ ಪಟ್ಟಣದಲ್ಲಿ ಹಗಲಿನ ಹೆಚ್ಚು ಹೊತ್ತು ಗಾಡಿಗಳು ಊರೊಳಗೆ ಬರಬಾರದೆಂದು ಜೂಲಿಯಸ್ ಸೀಸರನ ಕಾಲದ ಶಾಸನ ವಿಧಿಸಿದ್ದಿತು. ಆದರೆ ನಮ್ಮ ಕಾಲದಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ಹೇರೆತ್ತಿನ ಕಾಲ ಬೀದಿಗೆ ಬಾವಿಯನ್ನು ಕೊಟ್ಟಿತು. ಗಾಡಿಯ ಕಾಲ ಸೇತುವೆಯನ್ನು ಕೊಟ್ಟಿತು. ರೈಲಿನ ಕಾಲದ ವರ್ತಕರು ಛತ್ರಗಳನ್ನು, ಆಸ್ಪತ್ರೆಗಳನ್ನು ಕೊಟ್ಟರು. ರಾಜನಹಳ್ಳಿ ಮನೆತನದ ಧರ್ಮಛತ್ರ, ಚಿಗಟೇರಿ ಆಸ್ಪತ್ರೆಗಳ ಹೆಸರುಗಳೇ ಅದನ್ನು ಸಾರುತ್ತವೆ. ಮೋಟಾರಿನ ಕಾಲದ ನಾವು ಬೀದಿಗೆ ಏನು ಕೊಟ್ಟೆವು? ಕೊಡುವುದಿರಲಿ, ಅದರಿಂದ ಕಿತ್ತುಕೊಳ್ಳುತ್ತ ಬಂದಿದ್ದೇವೆ. ಚರಂಡಿಯ ಮೇಲೆ ಮೆಟ್ಟಿಲು, ಮೆಟ್ಟಿಲ ಮುಂದೆ ಸಾಮಾನು, ಸಾಮಾನಿನ ಮುಂದೆ ವಾಹನ. ಕೊನೆಗೆ ನಡೆಯುವವನಿಗೆ ಉಳಿಯುವುದು ಓಡುವ ಚಕ್ರಗಳ ನಡುವಿನ ಒಂದು ಗೇಣು.

ಇಲ್ಲಿ ಒಂದು ವಿವೇಚನೆ ಅವಶ್ಯ. ಬೀದಿಯನ್ನು ಬಿಡಿಸಬೇಕೆಂದೊಡನೆ ಮೊದಲು ಎಬ್ಬಿಸುವುದು ಸೊಪ್ಪು, ಹೂವು ಮಾರುವ ಬುಟ್ಟಿಯವಳನ್ನು. ಅವಳದು ಕಾಯಕ, ಬೀದಿಬದಿಯ ವ್ಯಾಪಾರಿಗಳ ಜೀವನೋಪಾಯವನ್ನು 2014ರ ಕಾಯಿದೆಯೂ ಮನ್ನಿಸಿದೆ. ಅವಳು ಬೆಳಗಿನಲ್ಲಿ ಬಂದು ಸಂಜೆ ಬುಟ್ಟಿಯೆತ್ತಿಕೊಂಡು ಹೋಗುತ್ತಾಳೆ. ಸಿಮೆಂಟಿನ ಮೆಟ್ಟಿಲು ಎದ್ದುಹೋಗುವುದಿಲ್ಲ. ಸ್ವಂತ ಕಟ್ಟಡವುಳ್ಳವರು ಬೀದಿಯನ್ನು ಒತ್ತುವುದಕ್ಕೂ ನೆಲೆಯಿಲ್ಲದವಳು ಅದರ ಅಂಚಿನಲ್ಲಿ ಕುಳಿತುಕೊಳ್ಳುವುದಕ್ಕೂ ಇರುವ ಅಂತರವನ್ನು ಧರ್ಮವಂತರು ಮರೆಯಬಾರದು. ಆಕೆಗೆ ನಿಗದಿಯಾದ ಸ್ಥಳವೊಂದನ್ನು ಕೊಟ್ಟು ಬೀದಿಯನ್ನು ಬಿಡಿಸುವುದೇ ನ್ಯಾಯ.

ಮನೆಯಿಂದಲೇ ಆರಂಭ

ಸರಕಾರ, ಪಾಲಿಕೆ, ಪೊಲೀಸರು ಮಾಡಬೇಕಾದುದು ಬಹಳವಿದೆ. ಆದರೆ ಈ ಪತ್ರಿಕೆಯು ಮನೆಮನೆಗೆ ಹೋಗುವಂತಹುದು. ಆದುದರಿಂದ ಮನೆಯವರು ಮಾಡಬಹುದಾದುದನ್ನಷ್ಟೇ ನಾವು ಹೇಳುತ್ತೇವೆ.

ಮೊದಲನೆಯದು ನಮ್ಮ ಮಂಗಲಕಾರ್ಯಗಳು. ಮದುವೆಯ ಮೆರವಣಿಗೆ ರಸ್ತೆಯ ಪೂರ್ತಿ ಅಗಲವನ್ನು ತುಂಬಿ ನಿಂತಾಗ ಅದರ ಹಿಂದೆ ಹಳ್ಳಿಯಿಂದ ಹೆರಿಗೆಗೆ ಬಂದ ತಾಯಿಯೊಬ್ಬಳ ಆಂಬುಲೆನ್ಸ್ ಸಿಕ್ಕಿಕೊಂಡಿರಬಹುದು. ನಮ್ಮ ಮನೆಯ ಮಗಳಿಗೆ ಅಕ್ಷತೆ ಹಾಕುವ ಹೊತ್ತಿನಲ್ಲಿ ಇನ್ನೊಬ್ಬರ ಮಗಳ ಪ್ರಾಣ ಬೀದಿಯಲ್ಲಿ ಹೋಗಬಾರದು. ತುರ್ತು ವಾಹನಕ್ಕೆ ದಾರಿ ಬಿಡದ ವಾಹನಚಾಲಕನಿಗೆ 2019ರ ತಿದ್ದುಪಡಿಯ ಮೇರೆಗೆ 10,000 ರೂಪಾಯಿಗಳವರೆಗೆ ದಂಡವುಂಟು. ಮೆರವಣಿಗೆಯಲ್ಲಿ ಕುಣಿಯುವವರಿಗೂ ಅದೇ ಧರ್ಮವಲ್ಲವೇ? ರಸ್ತೆಯ ಅರ್ಧವನ್ನು ತೆರವಾಗಿಟ್ಟು, ಮುಂದೆ ಹಿಂದೆ ಇಬ್ಬರು ತಿಳಿವಳಿಕಸ್ಥರನ್ನು ನಿಲ್ಲಿಸಿದರೆ ಉತ್ಸವದ ಶೋಭೆಗೆ ಏನೂ ಕುಂದಿಲ್ಲ. ನಮ್ಮ ಸಮಾಜದ ಕಲ್ಯಾಣಮಂಟಪಗಳ ಆಡಳಿತದವರು ವಾಹನಗಳಿಗೆ ಒಳಗೇ ಸ್ಥಳವೊದಗಿಸಿದರೆ, ಅದೂ ಅನ್ನದಾಸೋಹದಷ್ಟೇ ಪುಣ್ಯದ ಕೆಲಸ.

ಎರಡನೆಯದು ಮಕ್ಕಳು. ಹೈಸ್ಕೂಲು ಮುಗಿಸದ ಹುಡುಗನ ಕೈಗೆ ಮೋಟಾರುಬೈಕಿನ ಬೀಗದ ಕೈ ಕೊಟ್ಟು, ಮಗನು ಜಾಣನೆಂದು ಬೀಗುವ ತಂದೆಯರಿದ್ದಾರೆ. 18 ತುಂಬದವನು ವಾಹನ ನಡೆಸಿ ಅಪರಾಧವೆಸಗಿದರೆ ಅದೇ ತಿದ್ದುಪಡಿಯ ಮೇರೆಗೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ 25,000 ರೂಪಾಯಿ ದಂಡ, 3 ವರ್ಷಗಳವರೆಗೆ ಸೆರೆ. ಕಾನೂನು ತಂದೆಯನ್ನು ಹಿಡಿಯುವುದು ಸರಿಯಾಗಿಯೇ ಇದೆ. ಆದರೆ ದಂಡವನ್ನು ಕಟ್ಟಬಹುದು, ಸೆರೆಯಿಂದ ಹೊರಬರಬಹುದು. ಹೋದ ಮಗುವನ್ನು, ತಮ್ಮದಾಗಲಿ ಪರರದಾಗಲಿ, ತರಲಾಗದು. ಹೆಲ್ಮೆಟ್ಟನ್ನು ಪೊಲೀಸರು ಕಂಡಾಗ ತಲೆಗೇರಿಸಿ, ದಾಟಿದೊಡನೆ ಮೊಣಕೈಗೆ ತೂಗುಹಾಕುವ ಜಾಣರಿಗೂ ಇದೇ ಮಾತು. ತಾಯಂದಿರೇ, ವಾಹನವೇರುವ ಮುನ್ನ ಮಗನ ಹಣೆಗೆ ವಿಭೂತಿಯನ್ನೂ ತಲೆಗೆ ಹೆಲ್ಮೆಟ್ಟನ್ನೂ ನೀವೇ ಇಟ್ಟು ಕಳಿಸಿರಿ.

ಮೂರನೆಯದು ಬಿದ್ದವರು. ಅಪಘಾತವಾದಾಗ ಸುತ್ತ ನಿಂತು ನೋಡುವವರು ಬಹಳ, ಮುಟ್ಟಿ ಎತ್ತುವವರು ಕಡಿಮೆ. ಠಾಣೆಗೆ, ಕೋರ್ಟಿಗೆ ಅಲೆದಾಡಬೇಕಾದೀತೆಂಬ ಅಂಜಿಕೆಯೇ ಇದಕ್ಕೆ ಮೂಲ. ಸಹಾಯ ಮಾಡಿದವರನ್ನು ಪೀಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿಯೇ ಮಾರ್ಗಸೂಚಿಗಳನ್ನು ಊರ್ಜಿತಗೊಳಿಸಿದೆ. 2019ರ ತಿದ್ದುಪಡಿಯಲ್ಲಿ ಆ ರಕ್ಷಣೆ ಕಾನೂನಾಗಿದೆ. ದಯೆಯನ್ನು ಧರ್ಮದ ಮೂಲವೆಂದು ನಂಬಿದ ಜನ ನಾವು. ಆ ನಂಬಿಕೆಯು ಪೂಜೆಯ ಕೋಣೆಯಲ್ಲಿ ಪರೀಕ್ಷೆಗೆ ಒಳಗಾಗುವುದಿಲ್ಲ, ಪಿ.ಬಿ. ರಸ್ತೆಯಲ್ಲಿ ಒಳಗಾಗುತ್ತದೆ.

ನಾಲ್ಕನೆಯದು ನಡೆಯುವವರು. ನಿಮ್ಮ ಮನೆಯ ಮುಂದೆ, ಅಂಗಡಿಯ ಮುಂದೆ ಒಬ್ಬ ವೃದ್ಧರು ಮಗುವಿನ ಕೈಹಿಡಿದು ಚಕ್ರಗಳಿಗೆ ಅಂಜದೆ ನಡೆಯಬಲ್ಲರೇ ಎಂದು ಒಂದು ದಿನ ನಿಂತು ನೋಡಿರಿ. ನಡೆಯಲಾರರೆಂದಾದರೆ ನಿಮ್ಮ ಮೆಟ್ಟಿಲೋ ನಿಮ್ಮ ವಾಹನವೋ ಅಡ್ಡವಿದೆಯೇ ಎಂದು ನೋಡಿ, ಇದ್ದರೆ ತೆಗೆಯಿರಿ. ನೆರೆಯವರು ತೆಗೆಯಲೆಂದು ಕಾಯಬೇಡಿ.

ಹಳೆಯ ಪೇಟೆಯ ಬೀದಿಗಳನ್ನು ಇನ್ನಷ್ಟು ಅಗಲಗೊಳಿಸುವುದು ಕಷ್ಟ. ಅಗಲಗೊಳಿಸಿದಷ್ಟೂ ವಾಹನಗಳು ಬಂದು ತುಂಬುತ್ತವೆಂಬುದು ಎಲ್ಲ ನಗರಗಳ ಅನುಭವ. ಹೆಚ್ಚಿಸಬಹುದಾದುದು ಮನಸ್ಸಿನ ಅಗಲವನ್ನು. ಎರಡು ಹೇರೆತ್ತುಗಳು ಒಂದನ್ನೊಂದು ಉಜ್ಜದೆ ಹಾದುಹೋದ ಅದೇ ಓಣಿಯಲ್ಲಿ ಎರಡು ಮನುಷ್ಯರು ಒಬ್ಬರನ್ನೊಬ್ಬರು ಬೈಯದೆ ಹಾದುಹೋಗಲಾರರೇ? ಬೀದಿಯಿಂದ ಬೆಳೆದ ಊರು ಬೀದಿಯ ಋಣವನ್ನು ತೀರಿಸಲಿ. ಹೊರಟವರೆಲ್ಲ ಸುಖವಾಗಿ ಮನೆ ಸೇರಲಿ.